ಸೋತ ಮೇಲೆ ಹಗುರಾಗುವ ಎದುರಾಳಿ

ಹಗುರ ವರ್ಗದಿಂದ ಹೆವಿವೇಟ್‌ಗೆ, ಅಂದರೆ ತೂಕಕ್ಕೆ ಮೇಲ್ಮಿತಿಯೇ ಇಲ್ಲದ ವರ್ಗಕ್ಕೆ, ಏರಿದ ಬಾಕ್ಸರ್‌ನನ್ನು ಅಳೆಯಲು ಶಿವಮೊಗ್ಗದ ಚಹಾದಂಗಡಿಗಳಲ್ಲಿ ಒಂದೇ ನಿಯಮ: ಎದುರಾಳಿಯ ಯೋಗ್ಯತೆಯನ್ನು ಪಂದ್ಯ ಮುಗಿದ ಮೇಲೆ ನಿರ್ಧರಿಸತಕ್ಕದ್ದು.

ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಅದರ ಕೆಳಗಿನ ವರ್ಗವಾದ ಕ್ರೂಸರ್‌ವೇಟ್‌ನ 200 ಪೌಂಡ್ (ಸುಮಾರು 91 ಕೆ.ಜಿ.) ಮಿತಿಯಲ್ಲಿ ನಾಲ್ಕೂ ವಿಶ್ವ ಪ್ರಶಸ್ತಿಯ ಬೆಲ್ಟ್ ಗೆದ್ದು ಮೇಲೆ ಬಂದವ. 2024ರ ಮೇನಲ್ಲಿ ಬ್ರಿಟನ್ನಿನ ಹೆವಿವೇಟ್ ಟೈಸನ್ ಫ್ಯೂರಿ ಎದುರಾದಾಗ ಗೋಪಿ ವೃತ್ತದ ಚಹಾದಂಗಡಿ ಪೀಠ ಹೇಳಿತು, ‘ಫ್ಯೂರಿ 262 ಪೌಂಡ್ ಮಾರಾಯ, ಸುಮ್ನೆ ಮೈಮೇಲೆ ಒರಗಿದ್ರೂ ಸಾಕು.’ ಉಸಿಕ್ ಗೆದ್ದ, ಮೂವರಲ್ಲಿ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ. ‘ಫ್ಯೂರಿ ತಯಾರಿನೇ ಮಾಡಿರ್ಲಿಲ್ಲ.’ ಡಿಸೆಂಬರ್‌ನಲ್ಲಿ ಫ್ಯೂರಿ 281 ತೂಗಿ ಬಂದ. ಮೂವರೂ 116-112 ಎಂದು ಉಸಿಕ್‌ಗೇ ಬರೆದರು. ‘ಫ್ಯೂರಿಗೆ ವಯಸ್ಸಾಯ್ತು ಬಿಡು.’ ಫ್ಯೂರಿಗೆ ಆಗ 36, ಉಸಿಕ್‌ಗೆ 37.

ಒರಗುವ ವಿಷಯ ಸುಳ್ಳಲ್ಲ. ದೊಡ್ಡವನು ತಬ್ಬಿ ಹಿಡಿದು ಕತ್ತಿನ ಮೇಲೆ ಭಾರ ಬಿಟ್ಟರೆ ಎಂಟನೇ ಸುತ್ತಿಗೆ ಚಿಕ್ಕವನ ಕಾಲು ಸೋಲುತ್ತವೆ. ಹಾಗಂತ ತಾನೂ ಸಿಕ್ಕಾಪಟ್ಟೆ ಮೈ ಬೆಳೆಸಿದರೆ ಆ ಸ್ನಾಯುವಿಗೂ ಉಸಿರು ಒದಗಿಸಬೇಕು, ದಮ್ಮು ಮೊದಲೇ ಕಟ್ಟುತ್ತದೆ. ಎಡಗೈ ಆಟಗಾರ ಉಸಿಕ್ ಹುಡುಕಿಕೊಂಡ ದಾರಿ ಬೇರೆ. ತನ್ನ ಬಲಗಾಲನ್ನು ಎದುರಾಳಿಯ ಎಡಗಾಲಿನ ಹೊರಗಿಟ್ಟು, ಹೊಡೆದ ಜಾಗದಲ್ಲಿ ನಿಲ್ಲದೆ ಪಕ್ಕಕ್ಕೆ ಸರಿಯುತ್ತಾನೆ. ತಬ್ಬಲು ಬಂದವನ ಕೈಗೆ ಗಾಳಿ. ಇದನ್ನು ನೋಡಬೇಕಾದರೆ ಟಿವಿಯಲ್ಲಿ ಕಾಲು ನೋಡಬೇಕು. ಪೀಠಕ್ಕೆ ಹೊಟ್ಟೆ ಮಾತ್ರ ಕಾಣುತ್ತದೆ.

ಹೊಟ್ಟೆ ನೋಡಬೇಕಾದ ಪಂದ್ಯ ಇದ್ದದ್ದು 1990ರಲ್ಲಿ. ಮೈಕ್ ಟೈಸನ್‌ನನ್ನು ಟೋಕಿಯೊದಲ್ಲಿ ಕೆಡವಿದಾಗ ಬಸ್ಟರ್ ಡಗ್ಲಸ್ 231 ಚಿಲ್ಲರೆ ಪೌಂಡ್ ಇದ್ದ. ಎಂಟು ತಿಂಗಳ ನಂತರ, ಕ್ರೂಸರ್‌ವೇಟ್‌ನಿಂದಲೇ ಮೇಲೆ ಬಂದ ಹೋಲಿಫೀಲ್ಡ್ ಮುಂದೆ 246 ತೂಗಿ, ಮೂರನೇ ಸುತ್ತಿನಲ್ಲಿ ಮಲಗಿದ. ಇಲ್ಲಿ ಗೆದ್ದವನ ಸಾಧನೆಯಲ್ಲಿ ಒಂದಿಷ್ಟು ಕಡಿಯುವುದು ನ್ಯಾಯ. ಎದುರಾಳಿ ಎಷ್ಟು ತೂಗಿದ ಎನ್ನುವುದಕ್ಕಿಂತ, ತನ್ನ ಅತ್ಯುತ್ತಮ ಪಂದ್ಯದಲ್ಲಿ ಎಷ್ಟು ತೂಗಿದ್ದ ಎಂದು ನೋಡಬೇಕು. ಬರೀ ತೂಕದ ಅಂತರವೇ ಸಾಧನೆಯಾದರೆ, 316 ಪೌಂಡ್‌ನ ವಾಲುಯೆವ್‌ನನ್ನು 2009ರಲ್ಲಿ ಸೋಲಿಸಿದ, ಕ್ರೂಸರ್‌ವೇಟ್‌ನಿಂದ ಬಂದ ಡೇವಿಡ್ ಹೇ ಸರ್ವಕಾಲದ ಶ್ರೇಷ್ಠನಾಗಬೇಕಿತ್ತು. ಆ ಹನ್ನೆರಡು ಸುತ್ತು ಪೂರ್ತಿ ನೋಡಿದವರು ಹಾಗನ್ನಲಾರರು.

ಮತ್ತೆ ಹಗುರ ವರ್ಗಕ್ಕೆ ಇಳಿಯುವ ಖರ್ಚನ್ನಂತೂ ಯಾರೂ ಬರೆದಿಡುವುದಿಲ್ಲ. 175 ಪೌಂಡ್ ವರ್ಗದಿಂದ ಏರಿದ ರಾಯ್ ಜೋನ್ಸ್ 2003ರಲ್ಲಿ 193 ಪೌಂಡ್ ತೂಗಿ 226ರ ಜಾನ್ ರುಯಿಜ್‌ನನ್ನು ಸೋಲಿಸಿದ. ಆಮೇಲೆ ಕಟ್ಟಿದ ಮೈ ಕರಗಿಸಿ 175ಕ್ಕೆ ಇಳಿದು, ಆ ವರ್ಗದ ಆಂಟೋನಿಯೊ ಟಾರ್ವರ್ ಎದುರು ಕಷ್ಟಪಟ್ಟು ಗೆದ್ದ; ಮುಂದಿನ ಮೇನಲ್ಲಿ ಅದೇ ಟಾರ್ವರ್ ಎರಡನೇ ಸುತ್ತಿನಲ್ಲೇ ಕೆಡವಿದ. ಪೀಠದ ತೀರ್ಪು, ‘ಅಂದ್ರೆ ರುಯಿಜ್ ಕೂಡ ಡಮ್ಮಿ.’

ಇದೇ ಪೀಠದ ಅರ್ಧ ಸದಸ್ಯರು ಅಡಿಕೆ ಬೆಳೆಗಾರರು. ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ದರ್ಜೆವಾರು ವಿಂಗಡಿಸಿದ ಮೇಲೇ ಟೆಂಡರ್. ತೂಕವಾಗಿ ದರ ನಿಂತ ಮೇಲೆ ಖರೀದಿದಾರ ರಾಶಿ ದರ್ಜೆಯನ್ನು ಅದಕ್ಕಿಂತ ಕೆಳಗಿನ ಗೊರಬಲು ಅಂದು ನೋಡಲಿ, ಎಪಿಎಂಸಿ ಗೇಟು ದಾಟುವುದಿಲ್ಲ.

ಸದ್ಯ ಪೀಠದ ಮುಂದಿರುವುದು 2025ರ ಜುಲೈ ಪ್ರಕರಣ. ಉಸಿಕ್ ಐದನೇ ಸುತ್ತಿನಲ್ಲಿ ಮಲಗಿಸಿದ ಡೇನಿಯಲ್ ಡುಬ್ವಾಗೆ 27 ವರ್ಷ, ಮುದುಕ ಎನ್ನುವಂತಿಲ್ಲ. ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ ಆಂಥನಿ ಜೋಶುವಾನನ್ನು ಕೆಡವಿದವ, ಡಮ್ಮಿ ಎನ್ನುವಂತಿಲ್ಲ. ಎರಡು ಬೈಟು ಚಹಾ ಖರ್ಚಾದ ಮೇಲೆ ಒಮ್ಮತ ಮೂಡಿತು: ‘ಪಾಪ, ಇನ್ನೂ ಸಣ್ಣ ಹುಡ್ಗ.’