ನಿಂತು ತಿಂದರೆ ಲಂಚವಲ್ಲ

ಅಮೆರಿಕದ ಸಂಸತ್ ಸದಸ್ಯರಿಗೆ ಲಾಬಿಗಾರರು, ಅಂದರೆ ಗಿರಾಕಿಗಳ ಪರವಾಗಿ ಶಾಸಕರ ಮೇಲೆ ಪ್ರಭಾವ ಬೀರಲು ಸಂಬಳ ಪಡೆಯುವವರು, ಊಟ ಹಾಕಿಸುವುದು ನಿಷಿದ್ಧ. ಆದರೆ ಊಟವೆಂದರೆ ಯಾವುದು ಎಂಬ ಪ್ರಶ್ನೆಗೆ ವಾಷಿಂಗ್ಟನ್ನಿನ ಪಂಡಿತರು ಕಂಡುಕೊಂಡಿರುವ ಉತ್ತರ ನಮ್ಮ ಮಡಿ-ಮೈಲಿಗೆಯ ಶಾಸ್ತ್ರಕಾರರನ್ನೂ ನಾಚಿಸುವಂಥದ್ದು. ಕುರ್ಚಿಯಲ್ಲಿ ಕುಳಿತು, ತಟ್ಟೆಯಲ್ಲಿಟ್ಟ ಮಾಂಸವನ್ನು ಫೋರ್ಕಿನಿಂದ ತಿಂದರೆ ಅದು ಊಟ. ಅದೇ ಮಾಂಸದ ತುಂಡನ್ನು ಹಲ್ಲುಕಡ್ಡಿಗೆ ಚುಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಕಾಗದದ ಕರವಸ್ತ್ರ ಹಿಡಿದು ನಿಂತೇ ಬಾಯಿಗೆ ಹಾಕಿಕೊಂಡರೆ ಅದು ಬರೀ ಉಪಚಾರ. ಊಟದ ಭಾಗವಲ್ಲದ ಅಲ್ಪಬೆಲೆಯ ತಿನಿಸಿಗೆ ಕೊಟ್ಟಿರುವ ಈ ವಿನಾಯಿತಿಯನ್ನು ಅಲ್ಲಿನವರು ಆಡುಮಾತಿನಲ್ಲಿ ‘ಹಲ್ಲುಕಡ್ಡಿ ನಿಯಮ’ ಎಂದೇ ಕರೆಯುತ್ತಾರೆ. ಉಂಡ ಮನೆಗೆ ಎರಡು ಬಗೆಯಬಾರದೆಂಬ ಧರ್ಮಸಂಕಟವೂ ಇದರಿಂದ ತಪ್ಪಿತು. ಅವರು ಉಂಡೇ ಇಲ್ಲವಲ್ಲ!

ಈ ಕಟ್ಟುನಿಟ್ಟಿಗೆ ಕಾರಣರಾದವರು ಜ್ಯಾಕ್ ಅಬ್ರಮಾಫ್ ಎಂಬ ಮಹಾ ಲಾಬಿಗಾರರು. ಸಂಸದರನ್ನು ಸತ್ಕರಿಸಲು ಬೇರೆಯವರು ಹೋಟೆಲು ಹುಡುಕುತ್ತಿದ್ದಾಗ ಇವರು ವಾಷಿಂಗ್ಟನ್ನಿನಲ್ಲಿ ತಮ್ಮದೇ ರೆಸ್ಟೋರೆಂಟ್ ಇಟ್ಟುಕೊಂಡಿದ್ದರು. 2006ರಲ್ಲಿ ಅವರು ತಪ್ಪೊಪ್ಪಿಕೊಂಡು ಜೈಲಿಗೆ ಹೋದ ಮೇಲೆ, ಅದುವರೆಗೆ ಏನನ್ನೂ ಕಂಡಿಲ್ಲದವರಂತೆ ಬೆಚ್ಚಿಬಿದ್ದ ಸಂಸತ್ತು ಪ್ರಾಮಾಣಿಕ ನಾಯಕತ್ವ ಮತ್ತು ಮುಕ್ತ ಸರ್ಕಾರದ ಕಾಯ್ದೆಯೆಂಬ ಉದ್ದನೆಯ ಹೆಸರಿನ ಕಾನೂನನ್ನು 2007ರಲ್ಲಿ ತಂದಿತು. 2020ರಲ್ಲಿ, ಲಾಬಿಗಾರರಾಗಿ ನೋಂದಾಯಿಸಿಕೊಳ್ಳದೆ ಗಾಂಜಾ ಉದ್ಯಮದ ಪರವಾಗಿ ಲಾಬಿ ನಡೆಸಿದ್ದಕ್ಕೆ ಹೀಗೆ ಬಿಗಿಗೊಳಿಸಿದ ಕಾನೂನಿನಡಿ ಮತ್ತೆ ತಪ್ಪೊಪ್ಪಿಕೊಂಡವರು ಯಾರು? ಅದೇ ಅಬ್ರಮಾಫ್. ಅಳತೆ ಕೊಟ್ಟು ಹೊಲಿಸಿದ ಅಂಗಿ ಅಳತೆ ಕೊಟ್ಟವರಿಗೇ ಸರಿಹೊಂದಿತು.

ಊಟದ ವಿಷಯಕ್ಕೆ ಇನ್ನೊಂದು ಪರಿಹಾರವೂ ಉಂಟು. ಲಾಬಿಗಾರರು ಸಂಸದರಿಗೆ ಮಧ್ಯಾಹ್ನ ಊಟ ಕೊಡಿಸಿದರೆ ಅದು ನಿಯಮಭಂಗ. ಅದೇ ಲಾಬಿಗಾರರು ಅದೇ ಸಂಸದರ ಚುನಾವಣಾ ನಿಧಿಸಂಗ್ರಹದ ಔತಣಕ್ಕೆ ಬಂದು, 2024ರ ಚುನಾವಣೆಯ ವೇಳೆ ಒಬ್ಬ ವ್ಯಕ್ತಿಗೆ ನಿಗದಿಯಾಗಿದ್ದ ಮಿತಿಯಾದ 3,300 ಡಾಲರಿನ ಚೆಕ್ಕನ್ನು ಕೈಗಿತ್ತರೆ, ಇಬ್ಬರೂ ಒಂದೇ ಮೇಜಿನಲ್ಲಿ ಆರಾಮವಾಗಿ ಕುಳಿತು ಫೋರ್ಕು, ಚಾಕು ಎರಡನ್ನೂ ಬಳಸಬಹುದು. ಬರಿಯ ಅನ್ನ ಕೊಟ್ಟರೆ ಭ್ರಷ್ಟಾಚಾರ, ಅನ್ನದ ಜೊತೆ ದಕ್ಷಿಣೆಯನ್ನೂ ಕೊಟ್ಟರೆ ಪ್ರಜಾಪ್ರಭುತ್ವ.

ಲಾಬಿಗಾರರೆಂದರೆ ಯಾರು ಎಂಬುದಕ್ಕೂ ಲೆಕ್ಕಾಚಾರವಿದೆ. ಲಾಬಿ ಕುರಿತ 1995ರ ಕಾಯ್ದೆಯ ಪ್ರಕಾರ ಒಬ್ಬ ಗಿರಾಕಿಗಾಗಿ ಮಾಡುವ ಕೆಲಸದಲ್ಲಿ ಶೇ. 20ರಷ್ಟಾದರೂ ಸಮಯವನ್ನು ಲಾಬಿಗೆ ಮೀಸಲಿಟ್ಟರೆ ಮಾತ್ರ ನೋಂದಣಿ ಕಡ್ಡಾಯ, ಶೇ. 19ಕ್ಕೆ ಗಡಿಯಾರ ನೋಡಿ ನಿಲ್ಲಿಸಿಬಿಟ್ಟರೆ ನೀವು ಕೇವಲ ಸಲಹೆಗಾರರು. ಸೆನೆಟ್ಟಿನಲ್ಲಿ ಡೆಮಾಕ್ರಟಿಕ್ ನಾಯಕರಾಗಿದ್ದ ಟಾಮ್ ಡ್ಯಾಶಲ್ 2004ರಲ್ಲಿ ಸೋತು, ಮರುವರ್ಷ ವಾಷಿಂಗ್ಟನ್ನಿನ ಸಲಹಾವೃತ್ತಿಗೆ ಇಳಿದರೂ ಲಾಬಿಗಾರರ ಪಟ್ಟಿಗೆ ಹೆಸರು ಬರೆಸಿದ್ದು 2016ರಲ್ಲಿ. ಅಷ್ಟು ವರ್ಷ ಸಲಹೆ ಮಾತ್ರ ಕೊಟ್ಟುಕೊಂಡಿದ್ದ ಸಂಯಮವನ್ನು ಮೆಚ್ಚಲೇಬೇಕು. ಕತ್ತೆ (ಡೆಮಾಕ್ರಟಿಕ್) ಮತ್ತು ಆನೆಯ (ರಿಪಬ್ಲಿಕನ್) ಚಿಹ್ನೆ ಹೊತ್ತು ಟಿವಿಯಲ್ಲಿ ಹಾವು-ಮುಂಗುಸಿಗಳಂತೆ ಕಚ್ಚಾಡುವ ಎರಡೂ ಪಕ್ಷಗಳ ಮಾಜಿಗಳು ವಾಷಿಂಗ್ಟನ್ನಿನ ಲಾಬಿಗಾರರ ಬೀದಿಯೆಂದೇ ಹೆಸರಾದ ಕೆ ಸ್ಟ್ರೀಟಿನ ಒಂದೇ ಲಾಬಿ ಸಂಸ್ಥೆಯಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಕುಳಿತಿರುತ್ತಾರೆ; ಯಾರೇ ಗೆದ್ದರೂ ಬಾಗಿಲು ತೆರೆಯುವ ಕೀಲಿಕೈ ಒಬ್ಬರ ಬಳಿ ಇರಬೇಕಲ್ಲ. (ಅಣು ಒಪ್ಪಂದದ ಕಾಲದಲ್ಲಿ ಭಾರತ ಸರ್ಕಾರ, ಎಚ್-1ಬಿ ವೀಸಾದ ವಿಷಯದಲ್ಲಿ ನಾಸ್ಕಾಂ ಇಂಥ ಕೋಣೆಗಳ ಬಾಗಿಲು ತಟ್ಟಿದ್ದುಂಟು. ಆದ್ದರಿಂದ ನಾವು ಜೋರಾಗಿ ನಗುವಂತಿಲ್ಲ.)

ಇಷ್ಟಾಗಿ ಸಂಸದರು ದಿನವಿಡೀ ಏನು ಮಾಡುತ್ತಾರೆ? 2013ರಲ್ಲಿ ಡೆಮಾಕ್ರಟಿಕ್ ಪಕ್ಷ ತನ್ನ ಹೊಸ ಸಂಸದರಿಗೆ ಕೊಟ್ಟಿದ್ದ ಮಾದರಿ ದಿನಚರಿಯೊಂದು ಬಯಲಾಯಿತು. ಸಮಿತಿ ಸಭೆ, ಸದನ ಎಲ್ಲ ಸೇರಿ ಎರಡು ಗಂಟೆ. ದೇಣಿಗೆ ಕೇಳಿ ಫೋನು ಮಾಡುವುದಕ್ಕೆ ನಾಲ್ಕು ಗಂಟೆ. ಸರ್ಕಾರಿ ಕಟ್ಟಡದಲ್ಲಿ ಕುಳಿತು ದೇಣಿಗೆ ಕೇಳುವುದು ಅಪರಾಧವಾದ್ದರಿಂದ, ಲೋಕದ ಅತಿ ಬಲಿಷ್ಠ ಶಾಸನಸಭೆಯ ಸದಸ್ಯರು ಕಚೇರಿಯಿಂದ ಎದ್ದು, ಹತ್ತಿರದಲ್ಲೇ ಇರುವ ಪಕ್ಷದ ಕಚೇರಿಗೆ ನಡೆದುಹೋಗಿ, ಅಲ್ಲಿನ ಪುಟ್ಟ ಗೂಡಿನಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡು ನಂಬರು ಒತ್ತುತ್ತಾರೆ. ಈ ಒಂದು ವಿಷಯದಲ್ಲಿ ಕತ್ತೆ ಮತ್ತು ಆನೆಯ ನಡುವೆ ಯಾವ ಭಿನ್ನಾಭಿಪ್ರಾಯವೂ ಇಲ್ಲ.

ದೊಡ್ಡ ಚುನಾವಣೆಗಳಿಗೆ ಈ ಚಿಲ್ಲರೆ ಸಾಲದು. ಸುಪ್ರೀಂ ಕೋರ್ಟಿನ 2010ರ ಸಿಟಿಜನ್ಸ್ ಯುನೈಟೆಡ್ ತೀರ್ಪಿನ ಬೆನ್ನಲ್ಲೇ ಹುಟ್ಟಿದ ಸೂಪರ್ ಪ್ಯಾಕ್ ಎಂಬ ಹುಂಡಿಗಳಿಗೆ ಯಾರು ಎಷ್ಟು ಬೇಕಾದರೂ ಸುರಿಯಬಹುದು. ಷರತ್ತೊಂದೇ, ಜಾಹೀರಾತಿನಂಥ ವಿಷಯಗಳಲ್ಲಿ ಹುಂಡಿಯವರೂ ಅಭ್ಯರ್ಥಿಯೂ ಒಳಗೊಳಗೇ ಮಾತಾಡಿಕೊಳ್ಳಬಾರದು. ಈ ಮೌನವ್ರತವನ್ನು ಅಕ್ಷರಶಃ ಪಾಲಿಸಿದವರು ಸೆನೆಟರ್ ಮಿಚ್ ಮೆಕಾನೆಲ್. 2014ರಲ್ಲಿ ಅವರ ಪ್ರಚಾರ ತಂಡ ಅಂತರ್ಜಾಲಕ್ಕೆ ಹಾಕಿದ ವಿಡಿಯೊದಲ್ಲಿ ಅವರು ಒಂದು ಮಾತೂ ಆಡದೆ ಎರಡು ನಿಮಿಷಕ್ಕೂ ಮಿಕ್ಕಿ ಸುಮ್ಮನೆ ಮುಗುಳ್ನಗುತ್ತಾರೆ. ಯಾರಾದರೂ ಪುಣ್ಯಾತ್ಮರು ಅದನ್ನು ಇಳಿಸಿಕೊಂಡು ತಮ್ಮ ಜಾಹೀರಾತಿಗೆ ಅಂಟಿಸಿಕೊಂಡರೆ ಅದಕ್ಕೆ ಅವರು ಹೊಣೆಯೇ?

2016ರ ಅಧ್ಯಕ್ಷೀಯ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಟಿಕೆಟ್ ಬಯಸಿದ್ದ ಜೆಬ್ ಬುಷ್ ಅವರದು ಇನ್ನೂ ಸೂಕ್ಷ್ಮ ತಂತ್ರ. ಅಭ್ಯರ್ಥಿಯಾದ ಕ್ಷಣವೇ ನಿರ್ಬಂಧಗಳು ಅಂಟಿಕೊಳ್ಳುತ್ತವೆ, ಆದ್ದರಿಂದ ಅವರು 2015ರ ಜೂನ್ ಮಧ್ಯದವರೆಗೆ ಅಭ್ಯರ್ಥಿಯೇ ಆಗದೆ ಊರೂರು ತಿರುಗಿ, ತಮ್ಮ ಪರವಾದ ಸೂಪರ್ ಪ್ಯಾಕಿಗೆ ಹಣ ಕೂಡಿಸಿದರು. ಆ ಜೂನ್ ಕೊನೆಗೆ ಹುಂಡಿ 10 ಕೋಟಿ ಡಾಲರ್ ದಾಟಿತ್ತು. ಮೇ ತಿಂಗಳಲ್ಲಿ ನೆವಾಡದಲ್ಲಿ ಸ್ಪರ್ಧಿಸುತ್ತಿದ್ದೇನೆಂದು ಬಾಯಿತಪ್ಪಿ ಅಂದುಬಿಟ್ಟವರು, ಮರುಕ್ಷಣವೇ ಸ್ಪರ್ಧಿಸಿದರೆ ಎಂದು ತಿದ್ದಿಕೊಂಡರು. 2016ರ ಫೆಬ್ರುವರಿಯಲ್ಲಿ ಅವರು ಕಣದಿಂದ ಹಿಂದೆ ಸರಿದಾಗ ಅಷ್ಟು ಹಣಕ್ಕೆ ದಕ್ಕಿದ್ದದ್ದು, ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳಲ್ಲಿ ನಾಲ್ವರು.

ಇದನ್ನೆಲ್ಲ ನೋಡಿಕೊಳ್ಳಲು ಫೆಡರಲ್ ಚುನಾವಣಾ ಆಯೋಗವಿದೆ. ಅದರಲ್ಲಿ ಆರು ಸ್ಥಾನ. ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚು ಇರುವಂತಿಲ್ಲ. ಮುಖ್ಯ ತೀರ್ಮಾನಗಳಿಗೆ ನಾಲ್ಕು ಮತ ಬೇಕು. ಹೀಗಾಗಿ ತಕರಾರುಗಳು ಮೂರು-ಮೂರಕ್ಕೆ ಬಂದು ನಿಂತು ಅಲ್ಲೇ ನಿದ್ದೆಹೋಗುವುದು ವಾಡಿಕೆ. 2020ರ ನವೆಂಬರ್ 3ರಂದು ಹದಿನೈದು ಕೋಟಿಗೂ ಮಿಕ್ಕಿದ ಅಮೆರಿಕನ್ನರು ಅಧ್ಯಕ್ಷರನ್ನು ಆರಿಸುತ್ತಿದ್ದ ದಿನ ಆ ಮೂರು-ಮೂರರ ತೊಂದರೆ ಮಾತ್ರ ಇರಲಿಲ್ಲ, ಏಕೆಂದರೆ ಸದಸ್ಯರ ನೇಮಕವಾಗದೆ ಜುಲೈನಿಂದಲೂ ಆಯೋಗಕ್ಕೆ ಕೋರಂ ಇರಲಿಲ್ಲ.