ಸ್ವಿಚ್ ಎಲ್ಲಿಟ್ಟೆ?

ಕೋಲಾರದ ನಮ್ಮ ಹಳೇ ಮನೆಗೆ ಚಪ್ಪಡಿ ಕಲ್ಲಿನ ಸೂರು, ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ. ತಾತನ ಕಾಲದಲ್ಲಿ ಮರದ ಪಟ್ಟಿ ಹೊಡೆದು ವೈರಿಂಗ್ ಮಾಡಿದವರು ನಡುಮನೆಯ ಸ್ವಿಚ್ಚನ್ನು ಬೀದಿ ಬಾಗಿಲ ಪಕ್ಕ ಇಟ್ಟು ಹೋದರು. ನಾವು ಮಲಗುವುದು ಎದುರು ಮೂಲೆಯಲ್ಲಿ. ನಡುವೆ ಹನ್ನೆರಡು ಹೆಜ್ಜೆ.

ಕೊನೆಗೆ ಮಲಗುವವರೇ ಲೈಟ್ ಆರಿಸಬೇಕು ಅನ್ನೋದು ಮನೆಯ ಕಾನೂನು. ಹಾಗಾಗಿ ಒಂಬತ್ತಾಗುತ್ತಲೇ ಎಲ್ಲರಿಗೂ ಎಲ್ಲಿಲ್ಲದ ನಿದ್ದೆ. ಮುಸುಕು ಎಳೆಯೋಕೆ ತಡ ಮಾಡಿದವನು ಎದ್ದು ಹೋಗಿ ಆರಿಸಿ, ಕತ್ತಲಲ್ಲಿ ತಡಕಾಡುತ್ತಾ ಯಾರದೋ ಕಾಲು ತುಳಿದು, ಬೈಸಿಕೊಂಡು ಬಂದು ಬೀಳಬೇಕು.

ಈಗ ಅಮ್ಮನಿಗೆ ಮಂಡಿ ನೋವು. ಹಾಸಿಗೆ ಪಕ್ಕ ಇನ್ನೊಂದು ಸ್ವಿಚ್ ಹಾಕಿಸೋಣ ಅಂತ ಎಲೆಕ್ಟ್ರಿಷಿಯನ್‌ನ ಕರೆಸಿದೆ. ಆತ ಗೋಡೆ ತಟ್ಟಿ ನೋಡಿ, "ಟೂ ವೇ ಹಾಕೋಕೆ ಈ ಗೋಡೆ ಕೊರೀಬೇಕಣ್ಣ. ಸುಮ್ನೆ ಧೂಳು, ದುಡ್ಡು ದಂಡ. ವೈರ್‌ಲೆಸ್ ಸ್ವಿಚ್ ತಗೊಳ್ಳಿ" ಅಂದ.

ನಗು ಬಂತು. 1902ರಲ್ಲಿ ಶಿವನಸಮುದ್ರದಿಂದ ನಮ್ಮ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟ್ ತಂದಿದ್ದರು. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. (ಬೆಂಗಳೂರಿನ ನೆಂಟರು ಬಂದಾಗ ಇದನ್ನು ಎರಡು ಸಲ ಹೇಳುತ್ತೇವೆ.) ಅಂಥ ಕಡೆಯವನಾದ ನಾನು ಹನ್ನೆರಡು ಹೆಜ್ಜೆಗೆ ತಂತಿ ಎಳೆಸಲಾಗದೆ ಸೋತೆ.

ಹಳೇ ವೈರು ಹಾಗೇ ಉಳಿಯಿತು. ಟ್ಯೂಬ್‌ಲೈಟ್ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ರಿಸೀವರ್ ಕೂತಿತು. ಸ್ವಿಚ್ ಕೈಗೆ ಬಂತು. ಅದಕ್ಕೆ ಸೆಲ್ಲೂ ಇಲ್ಲ! ನಾವು ಒತ್ತುವ ಜೋರಿಗೇ ಒಳಗಿನ ಅಯಸ್ಕಾಂತ ಅಲುಗಿ, ತಂತಿ ಸುರುಳಿಯಲ್ಲಿ ಚೂರು ಕರೆಂಟ್ ಹುಟ್ಟುತ್ತದೆ. ಒಂದು ಸಲ ರೇಡಿಯೋ ಸಂದೇಶ ಕಳಿಸೋಕೆ ಅಷ್ಟು ಸಾಕು. ಹಳೇ ಸೈಕಲ್ ಡೈನಮೋದ ಮೊಮ್ಮಗ ಅನ್ನಿ. ಒತ್ತಿದಾಗ ಮಾತ್ರ ಟಕ್ ಅಂತ ಜೋರು ಸದ್ದು. ಮೊದಲ ರಾತ್ರಿ ಅಮ್ಮ ಏಳು ಸಲ ಒತ್ತಿದರು. ನಾನು ಎಣಿಸಿದ್ದೆ.

ಮಾರನೇ ರಾತ್ರಿ ಎಷ್ಟು ಒತ್ತಿದರೂ ಬರೀ ಟಕ್. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ, "ಬಾಗಿಲ ಹತ್ರದ್ದು ಆಫ್ ಮಾಡಿದ್ದೀರೇನೋ ನೋಡಿ" ಅಂದ. ಮಾಡಿದ್ದರು. ಅಮ್ಮ ದೇವಸ್ಥಾನಕ್ಕೆ ಹೊರಡುವಾಗ ಕೈ ತಾನಾಗೇ ಹೋಗಿತ್ತು. ಮದುವೆಯಾಗಿ ಬಂದಾಗಿನಿಂದ ಇರುವ ಅಭ್ಯಾಸ ಅಲ್ವಾ? ಆ ಸ್ವಿಚ್ ಆನ್ ಇದ್ದರೇನೇ ರಿಸೀವರ್‌ಗೆ ಕರೆಂಟ್. ಅದರ ಮೇಲೆ ಟೇಪ್ ಅಂಟಿಸಿದೆ. ಈಗಲೂ ಹೊರಡುವಾಗ ಅಮ್ಮ ಟೇಪ್ ಸವರಿ, "ಓ, ಇದು ಸತ್ತೋಗಿದೆ" ಅಂತಾರೆ.

ಹೊಸದನ್ನು ಎಲ್ಲಿ ಅಂಟಿಸಬೇಕು ಅನ್ನೋದು ಮಾತ್ರ ತೀರ್ಮಾನವಾಗಿಲ್ಲ. ಹಾಗಾಗಿ ಅದು ದಿಂಬಿನ ಕೆಳಗೆ, ಎಲೆಅಡಿಕೆ ಡಬ್ಬಿ ಪಕ್ಕ, ಒಮ್ಮೆ ಅಡುಗೆಮನೆಯಲ್ಲಿ ರಾಗಿ ಹಿಟ್ಟಿನ ಡಬ್ಬದ ಮೇಲೆ ಅಂತ ತಿರುಗುತ್ತಿರುತ್ತದೆ. ಗೋಡೆಯ ಸ್ವಿಚ್ಚಿಗೆ ನೂರು ದೋಷ ಇರಬಹುದು, ಕಳೆದುಹೋಗುವ ದೋಷ ಇರಲಿಲ್ಲ.

ಮೊನ್ನೆ ರಾತ್ರಿ ಕತ್ತಲಲ್ಲಿ ಅಮ್ಮನ ದನಿ: "ಸ್ವಿಚ್ ಎಲ್ಲಿಟ್ನೋ ಕಾಣೆ. ಸ್ವಲ್ಪ ಲೈಟ್ ಹಾಕಪ್ಪ, ಹುಡುಕ್ತೀನಿ."

ಎದ್ದೆ. ದಿಂಬೆತ್ತಿದೆ, ಹೊದಿಕೆ ಕೊಡವಿದೆ, ಡಬ್ಬಿ ತಡಕಿದೆ. ಸಾಕಾಗಿ ಅಮ್ಮನ ಹಾಸಿಗೆ ತುದಿಯಲ್ಲಿ ಕುಸಿದು ಕೂತೆ.

ಟಕ್. ಲೈಟ್ ಬಂತು.