ಹಾಡಿಗೆ ಓಸಿ ಇದೆಯಾ?

ದಾವಣಗೆರೆಯವನು ಬೆಣ್ಣೆದೋಸೆ ತಿನ್ನೋಕೆ ಬೆಂಗಳೂರಿಗೆ ಹೋದ ಅಂತ ಗೊತ್ತಾದರೆ ಊರಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಪುಣ್ಯಕ್ಕೆ ನಮಗೆಲ್ಲ ಮದುವೆಯಾಗಿ ಬಹಳ ವರ್ಷವಾಗಿದೆ. ಹಾಗಾಗಿ ಹೊರಟೆವು.

ಹೊರಟವರು ಮೂವರು. ಒಬ್ಬನದು ಗೊಬ್ಬರದ ಅಂಗಡಿ. ಇನ್ನೊಬ್ಬ ಪಿಯು ಕಾಲೇಜಿನ ಇತಿಹಾಸ ಮೇಷ್ಟ್ರು. ಮೂರನೆಯವನು ನಾನು, ಯಾರು ಏನು ಅಂದರೂ ಹೂಂ ಅನ್ನುವವನು. ನಮ್ಮ ಜೊತೆ ಹೈಸ್ಕೂಲು ಓದಿದ ನಾಲ್ಕನೆಯವನು ಬೆಂಗಳೂರು ಸೇರಿ ಸಾಫ್ಟ್‌ವೇರ್ ಆಗಿದ್ದಾನೆ. 'ಒಂದು ವೀಕೆಂಡ್ ಬರ್ರಲೇ. ಶನಿವಾರ ಒಳ್ಳೆ ತಿಂಡಿ, ರಾತ್ರಿ ಒಳ್ಳೆ ಲೈವ್ ಮ್ಯೂಸಿಕ್, ಭಾನುವಾರ ಆರಾಮಾಗಿ ವಾಪಸ್' ಅಂತ ಎಂಟು ವರ್ಷದಿಂದ ಕರೆಯುತ್ತಿದ್ದ. ಇವರೆಲ್ಲಿ ಬರ್ತಾರೆ ಅನ್ನುವ ಧೈರ್ಯದ ಮೇಲೆ ಕರೆಯುತ್ತಿದ್ದ ಅಂತ ಈಗ ಅನಿಸುತ್ತಿದೆ.

ಮನೆಯಲ್ಲಿ ಹೇಳುವಾಗ ಗೊಬ್ಬರದಂಗಡಿಯವನು ಒಂದು ಪದ ತಪ್ಪಿದ. ಲೈವ್ ಮ್ಯೂಸಿಕ್ ಅನ್ನುವ ಬದಲು ಲೈವ್ ಬ್ಯಾಂಡ್ ಅಂದುಬಿಟ್ಟ. ಕನ್ನಡ ಪೇಪರ್ ಓದುವವರಿಗೆಲ್ಲ ಗೊತ್ತು, ಲೈವ್ ಬ್ಯಾಂಡ್ ಅಂದಮೇಲೆ ಅದರ ಹಿಂದೆಯೇ 'ಮೇಲೆ ಪೊಲೀಸ್ ದಾಳಿ' ಅಂತ ಬರುತ್ತೆ. ಅದರ ಹಿಂದೆ ಇಷ್ಟು ಮಂದಿ ಗಿರಾಕಿಗಳು ವಶಕ್ಕೆ ಅಂತ. ಅತ್ತಿಗೆ ಎರಡು ದಿನ ಮಾತು ಬಿಟ್ಟರು. ಕೊನೆಗೆ ಮೇಷ್ಟ್ರು ಫೋನ್ ಮಾಡಿ, 'ಅತ್ತಿಗೆ, ಅದು ಬೇರೆ, ಇದು ಬೇರೆ. ಅಲ್ಲಿ ಹೆಣ್ಣುಮಕ್ಕಳು ಕುಣಿಯೋದು. ಇಲ್ಲಿ ಗಡ್ಡ ಬಿಟ್ಟ ಹುಡುಗ ಗಿಟಾರ್ ಬಾರಿಸೋದು' ಅಂತ ಬಿಡಿಸಿ ಹೇಳಬೇಕಾಯಿತು. ಹತ್ತು ನಿಮಿಷದಲ್ಲಿ ಅವರಿಗೆ ಅರ್ಥವಾಯಿತು. ಇದೇ ವ್ಯತ್ಯಾಸ ಸರ್ಕಾರಕ್ಕೆ ಇಪ್ಪತ್ತು ವರ್ಷವಾದರೂ ಅರ್ಥವಾಗಿಲ್ಲ ಅನ್ನೋದು ನಮಗೆ ಆಮೇಲೆ ಗೊತ್ತಾಗಿದ್ದು.

ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಹಿರಿಯೂರು, ಶಿರಾ, ತುಮಕೂರು ದಾಟಿ ನೆಲಮಂಗಲ ಮುಟ್ಟಲು ಮೂರೂವರೆ ತಾಸು ಹಿಡಿಯಿತು. ನೆಲಮಂಗಲದಿಂದ ಗೊರಗುಂಟೆಪಾಳ್ಯ ದಾಟಿ ವಿಜಯನಗರದ ಗೆಳೆಯನ ಫ್ಲಾಟ್ ಸೇರಲು ಎರಡು ತಾಸು. 'ಪರವಾಗಿಲ್ಲ, ಬೇಗ ಬಂದ್ರಿ' ಅಂದ.

ಸಂಜೆ ತಿಂಡಿಗೆ ಕರೆದುಕೊಂಡು ಹೋದ. ಬೋರ್ಡ್ ನೋಡಿ ಮೇಷ್ಟ್ರು ಕಾಲು ಹಿಂದಕ್ಕೆ ಇಟ್ಟರು. ದಾವಣಗೆರೆ ಬೆಣ್ಣೆದೋಸೆ. ಮುಂದೆ ನೂರು ಜನರ ಸಾಲು. 'ನಮ್ಮೂರ ದೋಸೆಗೆ ಇಲ್ಲಿ ಬಂದು ಪಾಳಿ ಹಚ್ಚಬೇಕಾ?' ಅಂದರು. ಟೋಕನ್ 86 ಸಿಕ್ಕಿತು, ಆಗ ಕರೆಯುತ್ತಿದ್ದದ್ದು 31. ಹೊತ್ತು ಹೋಗಬೇಕಲ್ಲ, ಮೇಷ್ಟ್ರು ಹಿಂದೆ ನಿಂತ ಹುಡುಗರಿಗೆ ಪಾಠ ಶುರುಮಾಡಿದರು. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಚೆನ್ನಮ್ಮ ಅನ್ನುವ ತಾಯಿ ಮಕ್ಕಳನ್ನು ಕಟ್ಟಿಕೊಂಡು ದಾವಣಗೆರೆಗೆ ಬಂದು ದೋಸೆ ಹಾಕಲು ಶುರುಮಾಡಿದರು ಅನ್ನೋದು ನಮ್ಮೂರಲ್ಲಿ ಎಲ್ಲರೂ ಹೇಳುವ ಕಥೆ. ಹುಡುಗರು ಅದನ್ನು ರೀಲ್ಸ್ ಮಾಡಿಕೊಂಡರು. ಒಂದು ಗಂಟೆ ಹತ್ತು ನಿಮಿಷಕ್ಕೆ ದೋಸೆ ಬಂತು. ನಮ್ಮೂರಲ್ಲಿ ಎರಡು ದೋಸೆ ಬರುವ ದುಡ್ಡು. ಸೌದೆ ಒಲೆಯ ವಾಸನೆ ಇಲ್ಲ, ಜೊತೆಗೆ ಬಟ್ಟಲಲ್ಲಿ ಸಾಂಬಾರ್ ಬೇರೆ. ಬೆಣ್ಣೆದೋಸೆಗೆ ಸಾಂಬಾರ್ ಕೊಟ್ಟವನನ್ನು ಏನು ಮಾಡಬೇಕು ಅಂತ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವಂತೆ. ಇರಲಿ, ತಿಂದೆವು.

ಒಂದು ವಿಷಯ ಮಾತ್ರ ನೆನಪಿಡಿ. ಆ ಕಿಷ್ಕಿಂಧೆಯಂಥ ಜಾಗದಲ್ಲಿ ಕಾದ ಕಾವಲಿ ಇತ್ತು, ಗ್ಯಾಸ್ ಸಿಲಿಂಡರ್‌ಗಳಿದ್ದವು, ಕರಗಿದ ಬೆಣ್ಣೆ ಇತ್ತು, ಫುಟ್‌ಪಾತ್ ತುಂಬ ಜನ ಇದ್ದರು. ಯಾರೂ ಯಾವ ಕಾಗದವನ್ನೂ ಕೇಳಲಿಲ್ಲ.

ರಾತ್ರಿ ಮೆಟ್ರೋ ಹತ್ತಿ ಇಂದಿರಾನಗರಕ್ಕೆ ಹೋದೆವು. ಮೂರನೇ ಮಹಡಿಯ ಪಬ್ಬು. ತಲೆಗೆ ಸಾವಿರ ರೂಪಾಯಿ ಕವರ್ ಚಾರ್ಜ್. ಅದನ್ನು ತಿಂಡಿ, ಕುಡಿತದಲ್ಲಿ ಕಳೆಯುತ್ತಾರಂತೆ. ಟೇಬಲ್ ಒಂದೂವರೆ ಗಂಟೆ ಮಾತ್ರ ನಮ್ಮದು. ಆಮೇಲೆ ಎದ್ದು ಬೇರೆಯವರಿಗೆ ಬಿಡಬೇಕು, ಮದುವೆ ಊಟದ ಪಂಕ್ತಿಯ ಹಾಗೆ. ಅಲ್ಲಾದರೂ ಊಟ ಮಾಡುವಾಗ ಕುರ್ಚಿಯ ಹಿಂದೆ ನಿಂತವರು ನೆಂಟರಾಗಿರುತ್ತಾರೆ.

ಎಂಟೂವರೆಗೆ ಅಂದ ಹಾಡು ಒಂಬತ್ತೂ ಕಾಲಿಗೆ ಶುರುವಾಯಿತು. ಗಡ್ಡದ ಹುಡುಗ, ಗಿಟಾರು, ಜೊತೆಗೆ ಡಬ್ಬದಂಥದ್ದರ ಮೇಲೆ ಕೂತು ಅದನ್ನೇ ಬಡಿಯುವ ಇನ್ನೊಬ್ಬ. ಚೆನ್ನಾಗಿ ಹಾಡುತ್ತಿದ್ದ, ಸುಳ್ಳು ಹೇಳಬಾರದು. ಮೊದಲ ಹಾಡು ಇಂಗ್ಲಿಷ್, ಎರಡನೆಯದು ಹಿಂದಿ. ಮೂರನೆಯದು ಕನ್ನಡ ಅಂತ ಅವನೇ ಹೇಳಿದ. ನಾವು ಕುರ್ಚಿ ಸರಿಮಾಡಿಕೊಂಡು ಕೂತೆವು. ಅಷ್ಟರಲ್ಲಿ ಮ್ಯಾನೇಜರ್ ಓಡಿ ಬಂದು ಅವನ ಕಿವಿಯಲ್ಲಿ ಏನೋ ಹೇಳಿದ. ಹುಡುಗ ಗಿಟಾರನ್ನು ಚೀಲಕ್ಕೆ ಹಾಕಿದ. ದೊಡ್ಡ ಟಿವಿಯಲ್ಲಿ ಕ್ರಿಕೆಟ್ ಬಂತು. ಸ್ಪೀಕರಿನಲ್ಲಿ ಗಿಟಾರಿಗಿಂತ ಮೂರು ಪಟ್ಟು ಜೋರಾಗಿ ಢಬ್ ಢಬ್ ಶುರುವಾಯಿತು.

ಸಪ್ಲೈಯರ್ ಕುಂದಾಪುರದ ಕಡೆಯ ಹುಡುಗ. ಬಗ್ಗಿ ಮೆಲ್ಲಗೆ ಅಂದ, 'ಸ್ಟೇಷನ್‌ನಿಂದ ಫೋನ್ ಬಂದಿತ್ತು ಸಾರ್. ಬಿಲ್ಡಿಂಗಿಗೆ ಓಸಿ ಇಲ್ಲ. ಹಂಗಾಗಿ ಹಾಡೋ ಹಂಗಿಲ್ಲ.'

ಗೊಬ್ಬರದಂಗಡಿಯವನಿಗೆ ತಲೆ ಕೆಟ್ಟಿತು. ನಮ್ಮ ಕಡೆ ಓಸಿ ಅಂದರೆ ಮಟ್ಕಾ. 'ಏನಲೇ ಇದು? ನಮ್ಮೂರಲ್ಲಿ ಓಸಿ ಬರೆದರೆ ಪೊಲೀಸರು ಎಳಕೊಂಡು ಹೋಗ್ತಾರೆ. ಇಲ್ಲಿ ಓಸಿ ಇಲ್ಲ ಅಂದ್ರೆ ಎಳಕೊಂಡು ಹೋಗ್ತಾರಾ?'

ಸಾಫ್ಟ್‌ವೇರ್ ಗೆಳೆಯ ಬಿಡಿಸಿ ಹೇಳಿದ. ಇದು ಆ ಓಸಿ ಅಲ್ಲ. ಕಟ್ಟಡವನ್ನು ನಕ್ಷೆ ಪ್ರಕಾರವೇ ಕಟ್ಟಿದ್ದಾರೆ, ಇನ್ನು ಒಳಗೆ ಜನ ಇರಬಹುದು ಅಂತ ಪಾಲಿಕೆ ಕೊಡುವ ಸ್ವಾಧೀನಾನುಭವ ಪತ್ರ. 2005ರಲ್ಲಿ ಬೆಂಗಳೂರು ಪೊಲೀಸ್ ಕಮಿಷನರ್ ಒಂದು ಆದೇಶ ಹೊರಡಿಸಿದರು. ಲೈವ್ ಬ್ಯಾಂಡ್, ಕ್ಯಾಬರೆ, ಡಿಸ್ಕೊ ನಡೆಸುವವರು ಲೈಸೆನ್ಸ್ ತಗೋಬೇಕು ಅಂತ. ಕಣ್ಣಿದ್ದದ್ದು ಡ್ಯಾನ್ಸ್ ಬಾರ್‌ಗಳ ಮೇಲೆ. ಬಾರಿನವರು ಕೋರ್ಟಿಗೆ ಹೋದರು. ಹತ್ತು ವರ್ಷಕ್ಕೂ ಜಾಸ್ತಿ ನಡೆದು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆದೇಶ ಸರಿ ಅಂದಿತು. ಅದೇ ವರ್ಷ ಪೊಲೀಸರು ಪಬ್ಬುಗಳ ಬಾಗಿಲು ತಟ್ಟಿದರು. ಲೈಸೆನ್ಸ್ ತೋರಿಸಿ, ಇಲ್ಲವೇ ಹಾಡು ನಿಲ್ಲಿಸಿ. ಲೈಸೆನ್ಸಿಗೆ ಹೋದರೆ ಓಸಿ ತನ್ನಿ ಅಂದರು. ಓಸಿಗೆ ಹೋದವರು ಇನ್ನೂ ಬರುತ್ತಿದ್ದಾರೆ. ಎಷ್ಟೋ ಕಡೆ ಮೈಕು ಬಿಚ್ಚಿಟ್ಟರು. ವಾರದ ಕೊನೆಯ ಹಾಡನ್ನೇ ನಂಬಿದ್ದ ಹುಡುಗರು ಕೆಲಸ ಕಳೆದುಕೊಂಡರು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾದಂಥ ವಿದೇಶದ ರಾಕ್ ಬ್ಯಾಂಡ್‌ಗಳು ಬಾರಿಸಿ ಹೋದ ಊರಿದು!

ಅಂದರೆ ಆದೇಶ ಹೊರಟದ್ದು ಕುಣಿತದ ಮೇಲೆ, ಬಂದು ಬಿದ್ದದ್ದು ಗಿಟಾರಿನ ಮೇಲೆ. ಅತ್ತಿಗೆಗೆ ಮಾಡಿದ ಹಾಗೆ ಸರ್ಕಾರಕ್ಕೂ ಒಂದು ಫೋನ್ ಮಾಡಿ ಹೇಳಬಹುದಿತ್ತು ಅಂತ ಮೇಷ್ಟ್ರಿಗೆ ಅನಿಸಿತು.

ಓಸಿ ಸುಮ್ನೆ ಕೇಳ್ತಾರೆ ಅಂತ ನಾನು ಹೇಳುವುದಿಲ್ಲ. ಬೆಂಕಿ ಬಿದ್ದರೆ ಓಡೋಕೆ ದಾರಿ ಇರಬೇಕು, ಒಪ್ಪಿದೆ. ಇಂದಿರಾನಗರದ ಮನೆಯವರ ಗೋಳೂ ಸುಳ್ಳಲ್ಲ. ಮನೆಗಳಿರುವ ಕಡೆ ರಾತ್ರಿ 45 ಡೆಸಿಬೆಲ್ ದಾಟಬಾರದು ಅಂತ 2000ನೇ ಇಸವಿಯ ನಿಯಮ ಇದೆ. ನಮ್ಮ ಮೇಷ್ಟ್ರ ಗೊರಕೆಯೇ ಅದನ್ನು ದಾಟುತ್ತೆ, ಇನ್ನು ಪಬ್ಬಿನ ಗಲಾಟೆ ದಾಟದೆ ಇರುತ್ತಾ? ಆದರೆ ನನಗೆ ಅರ್ಥವಾಗದ್ದು ಒಂದೇ. ಆ ಮೂರನೇ ಮಹಡಿಯಲ್ಲಿ ಅವತ್ತು ಇನ್ನೂರು ಜನ ಇದ್ದೆವು. ಒಳಗೆ ಅಡುಗೆಮನೆ, ಅಲ್ಲೂ ಬೆಂಕಿ. ಕೆಳಗಿಳಿಯೋಕೆ ಇಬ್ಬರು ಒಟ್ಟಿಗೆ ಇಳಿಯಲಾಗದ ಒಂದು ಮೆಟ್ಟಿಲು. ರಾತ್ರಿ ಒಂದರವರೆಗೆ ಅಲ್ಲೇ ಕೂತು ಕುಡಿಯೋಕೆ ಸರ್ಕಾರವೇ ಹೂಂ ಅಂದಿದೆ. ಕುಡಿಯುವವರೆಗೆ ಕಟ್ಟಡ ಗಟ್ಟಿ. ಒಬ್ಬ ಬಾಯಿಬಿಟ್ಟು ಹಾಡಿದ ಕೂಡಲೇ ಕಟ್ಟಡ ಅಪಾಯ. ಯಾವ ರಾಗಕ್ಕೆ ಪಿಲ್ಲರ್ ಬಿರುಕು ಬಿಡುತ್ತೆ ಅಂತ ಯಾರಾದರೂ ಎಂಜಿನಿಯರ್ ಹೇಳಬೇಕು.

'ನೀನಿರೋ ಫ್ಲಾಟಿಗೆ ಓಸಿ ಐತೇನಲೇ?' ಅಂತ ಮೇಷ್ಟ್ರು ಕೇಳಿದರು. ಸಾಫ್ಟ್‌ವೇರ್ ಗೆಳೆಯ ಗ್ಲಾಸ್ ಕಡೆ ನೋಡಿದ. ಆರು ವರ್ಷದಿಂದ ಬಿಲ್ಡರ್ 'ಮುಂದಿನ ತಿಂಗಳು' ಅನ್ನುತ್ತಿದ್ದಾನಂತೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂದಾಗ ಅವನಿಗೆ ಎದೆ ಧಸಕ್ ಅಂದಿತ್ತು. ಅವನ ಕನೆಕ್ಷನ್ ಹಳೆಯದು, ಬಚಾವಾದ. ಮೊದಲು ಓಸಿ ಕೊಡದೆ ಇರೋಕೆ ಒಂದು ಪಾಲಿಕೆ ಇತ್ತು. 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ ಇವೆ. ಇವನು ಬೆಳಿಗ್ಗೆ ಬಾತ್‌ರೂಮಿನಲ್ಲಿ ಗಂಟಲು ಹರಿದುಕೊಂಡು ಹಾಡುವವನು. ನಮಗೆ ಈಗ ಅದೇ ಚಿಂತೆ.

ಗೊಬ್ಬರದಂಗಡಿಯವನು ಅಷ್ಟರಲ್ಲಿ ಪರಿಹಾರ ಕಂಡುಹಿಡಿದಿದ್ದ. ಲೈಸೆನ್ಸ್ ಅಂದರೆ ಅವನಿಗೆ ಹೆದರಿಕೆ ಇಲ್ಲ, ಅನ್ನ ಹುಟ್ಟೋದೇ ಅದರಲ್ಲಿ. 'ಯೂರಿಯಾಕ್ಕೆ ಮಾಡಿದಂಗೆ ಹಾಡಿಗೂ ಮಾಡ್ಲಿ' ಅಂದ. ಪಬ್ಬಿನ ಮುಂದೆ ದಾಸ್ತಾನು ಬೋರ್ಡು. ಇವತ್ತಿನ ಆರಂಭಿಕ ಶಿಲ್ಕು: ಪ್ರೇಮಗೀತೆ 12, ಶೋಕಗೀತೆ 5, ಕನ್ನಡ 1. ಕೇಳುವವನು ಆಧಾರ್ ಹೇಳಿ ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒಬ್ಬರಿಗೆ ಇಷ್ಟೇ ಹಾಡು ಅಂತ ಮಿತಿ. 'ಇನ್ನೂ ಒಂದು ಬೇಕು' ಅಂತ ಕೂಗಿದವನಿಗೆ ಪಹಣಿ ತರಲು ಹೇಳೋದು. ಸರ್ವರ್ ಡೌನ್ ಆದರೆ ಹಾಡುಗಾರ ಬಾಯಿ ತೆರೆದುಕೊಂಡೇ ಕಾಯಬೇಕು. 'ಶೋಕಗೀತೆ ಬೇಕು ಅಂದ್ರೆ ಜೊತೆಗೊಂದು ಭಾವಗೀತೆ ಲಿಂಕ್' ಅಂದು ತಾನೇ ನಕ್ಕ. ಯೂರಿಯಾ ಕೇಳಿದ ರೈತನ ಕೈಗೆ ಬೇಡದ ಇನ್ನೊಂದು ಡಬ್ಬ ಹಿಡಿಸುವುದಕ್ಕೆ ಆ ವ್ಯಾಪಾರದಲ್ಲಿ ಲಿಂಕ್ ಅಂತಾರೆ. ಇವನು ಮಾಡಲ್ಲವಂತೆ, ಬೇರೆಯವರು ಮಾಡ್ತಾರಂತೆ.

ಒಂದೂವರೆ ಗಂಟೆ ಮುಗಿಯಿತು. ಬಿಲ್ ಬಂತು. ಕವರ್ ಚಾರ್ಜ್ ಕಳೆದ ಮೇಲೂ ಎರಡು ಸಾವಿರದ ಮುನ್ನೂರು. ಅದರಲ್ಲಿ ಶೇ 10 ಸರ್ವಿಸ್ ಚಾರ್ಜ್. ಇದನ್ನು ಕಡ್ಡಾಯವಾಗಿ ಹಾಕುವ ಹಾಗಿಲ್ಲ ಅಂತ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದು ಸರಿ ಅಂದಿದೆ. ಮೇಷ್ಟ್ರು ಇದನ್ನು ಇಸವಿ ಸಮೇತ ಒಪ್ಪಿಸಿದರು. ಮ್ಯಾನೇಜರ್ ತೆಗೆದ. ಎರಡೇ ಹಾಡು ಕೇಳಿದ್ದೇವೆ, ಉಳಿದ ದುಡ್ಡು ಕೊಡಿ ಅಂತ ಗೊಬ್ಬರದಂಗಡಿಯವನು ಹಟ ಹಿಡಿದ. 'ಕವರ್ ಚಾರ್ಜ್ ಊಟಕ್ಕೆ ಸಾರ್, ಹಾಡಿಗಲ್ಲ' ಅಂದ ಮ್ಯಾನೇಜರ್. ಬಾಗಿಲಲ್ಲಿ ಅಂಟಿಸಿದ್ದ ಪೋಸ್ಟರ್ ನೋಡಿದೆ. ಅದರಲ್ಲಿ ಊಟದ ಚಿತ್ರ ಇರಲಿಲ್ಲ, ಗಿಟಾರ್ ಇತ್ತು.

ಕೆಳಗೆ ಬಂದರೆ ಗಿಟಾರಿನ ಹುಡುಗ ಬೈಕ್ ಟ್ಯಾಕ್ಸಿಗೆ ಕಾಯುತ್ತಾ ನಿಂತಿದ್ದ. 'ಆ ಮೂರನೇ ಹಾಡು ಯಾವುದಿತ್ತು?' ಅಂತ ಕೇಳಿದೆ. ಹೇಳಿದ. ಒಂದು ಸಾಲು ಗುನುಗಿದ ಕೂಡ. ಆಮೇಲೆ ಅಭ್ಯಾಸಬಲ, ಆಚೆ ಈಚೆ ನೋಡಿ ನಿಲ್ಲಿಸಿದ. ನೂರಡಿ ರಸ್ತೆಯಲ್ಲಿ ಅಷ್ಟು ಹೊತ್ತಿಗೂ ಕಾರುಗಳು ಒಂದರ ಹಿಂದೆ ಒಂದು ನಿಂತು ಹಾರನ್ ಬಾರಿಸುತ್ತಿದ್ದವು. ಅವಕ್ಕೆ ಯಾವ ಲೈಸೆನ್ಸೂ ಬೇಕಿಲ್ಲ.

ಪೊಲೀಸ್ ಠಾಣೆ, ಪಾಲಿಕೆ, ಓಸಿ ಅಂತ ವಾದ ಮಾಡುತ್ತಾ ರಸ್ತೆ ಬದಿ ಆಮ್ಲೆಟ್ ತಿನ್ನುವಷ್ಟರಲ್ಲಿ ಕೊನೆಯ ಮೆಟ್ರೋ ಹೋಗಿತ್ತು. ಆಟೋ ಹಿಡಿದೆವು. ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿಯ ಒಂದೂವರೆ ಪಟ್ಟು ಸೇರಿಸಿದರೂ ವಿಜಯನಗರಕ್ಕೆ 400 ದಾಟುವುದಿಲ್ಲ. 'ಆರುನೂರು ಕೊಡಿ ಸಾರ್. ನಾಲ್ಕು ಜನ ಇದೀರಾ' ಅಂದ. ಸಾಫ್ಟ್‌ವೇರ್ ಗೆಳೆಯನನ್ನು ಡ್ರೈವರ್ ಪಕ್ಕ ಅರ್ಧ ಸೀಟಿಗೆ ಹತ್ತಿಸಿಕೊಂಡ. ಪೊಲೀಸ್ ಕಂಡರೆ ತಲೆ ಬಗ್ಗಿಸಬೇಕು ಅಂತ ಕರಾರು.

ಹಲಸೂರು ದಾಟುತ್ತಿದ್ದ ಹಾಗೆ ಡ್ರೈವರ್ ಹಾಡಲು ಶುರುಮಾಡಿದ. ರೇಡಿಯೋ ಇಲ್ಲ, ಮೈಕ್ ಇಲ್ಲ. ಅಣ್ಣಾವ್ರ ಕಾಲದ ಹಳೇ ಹಾಡು, ಹ್ಯಾಂಡಲ್ ಮೇಲೆ ಬೆರಳಲ್ಲೇ ತಾಳ. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವನೂ ಒಂದು ಸಾಲು ಸೇರಿಸಿದ. ಸ್ವಲ್ಪ ಶ್ರುತಿ ತಪ್ಪುತ್ತಿತ್ತು. ಆದರೂ ಇಡೀ ದಿನದಲ್ಲಿ ನಾವು ಪೂರ್ತಿ ಕೇಳಿದ ಕನ್ನಡ ಹಾಡು ಅದೊಂದೇ. ಮೇಷ್ಟ್ರಿಗೆ ಮಾತ್ರ ಸಮಾಧಾನ ಇಲ್ಲ. ಪಲ್ಲವಿ ಮುಗಿಯುವುದನ್ನೇ ಕಾದು ಮುಂದಕ್ಕೆ ಬಗ್ಗಿದರು.

'ಹಾಡೋದೇನೋ ಸರಿ ತಮ್ಮ, ಓಸಿ ಐತಾ?'

'ಓಸೀನಾ?' ಅಂತ ಆತ ತಿರುಗಿ ನೋಡಿದ. 'ಆರುನೂರು ಮಾತಾಡಿ ಹತ್ತಿದೀರಾ ಸಾರ್. ಓಸಿ ಗೀಸಿ ಎಲ್ಲ ನಮ್ಮ ಹತ್ರ ನಡೆಯಲ್ಲ' ಅಂದವನೇ ಗೇರ್ ಬದಲಾಯಿಸಿ ಎರಡನೇ ಚರಣ ಎತ್ತಿಕೊಂಡ.